ಚಾಕೊಲೇಟ್ ಓಟ್ಸ್: ಕುದಿಸೋದಾ, ನೆನೆಸೋದಾ, ಪ್ಯಾಕೆಟ್ ತರೋದಾ?

ವಿಜಯಪುರದಲ್ಲಿ ರೂಮ್ ಮಾಡಿಕೊಂಡಿದ್ದೀರಿ, ಬೆಳಿಗ್ಗೆ ಚಾಕೊಲೇಟ್ ಓಟ್ಸ್ ತಿನ್ನಬೇಕು, ಯಾವ ದಾರಿ ಹಿಡಿಯಲಿ ಅಂತ ಕೇಳಿದ್ದೀರಿ.

ಮೊದಲು ಸಕ್ಕರೆ ನೋಡಿ, ಆರೋಗ್ಯದ ಮಾತು ನಿಂತಿರೋದೇ ಅಲ್ಲಿ. ಚಾಕೊಲೇಟ್ ಬೆರೆಸಿಯೇ ಬರುವ ರೆಡಿ ಓಟ್ಸ್ ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ. ಓಟ್ಸ್ ಬೆನ್ನಿಗೇ ಸಕ್ಕರೆ ಇದ್ದರೆ ಅದನ್ನು ತಿಂಡಿ ಅನ್ನೋದಕ್ಕಿಂತ ಸಿಹಿ ಅನ್ನಬೇಕು. ಕುದಿಸಿದರೂ ನೆನೆಸಿದರೂ ಸಿಹಿ ನಿಮ್ಮ ಕೈಯಲ್ಲೇ ಇರುತ್ತದೆ. ಒಬ್ಬರಿಗೆ 40 ಗ್ರಾಂ ಓಟ್ಸ್, 2 ಚಮಚ ಸಿಹಿಯಿಲ್ಲದ ಕೋಕೋ ಪುಡಿ ಸಾಕು. ಡ್ರಿಂಕಿಂಗ್ ಚಾಕೊಲೇಟ್ ಬೇಡ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಸಿಹಿಗೆ ನಮ್ಮೂರ ಒಣದ್ರಾಕ್ಷಿ ಇದೆಯಲ್ವಾ, ಒಂದು ಹಿಡಿ ಹಾಕಿ. ಅದರಲ್ಲೂ ಸಕ್ಕರೆ ಇದೆ, ಆದರೆ ಜೊತೆಗೆ ನಾರೂ ಇದೆ.

ಸಮಯಕ್ಕೆ ಬಂದರೆ ಪ್ಯಾಕೆಟ್‌ಗೆ 3 ನಿಮಿಷ, ರೋಲ್ಡ್ ಓಟ್ಸ್ (ಅವಲಕ್ಕಿಯಂತೆ ಚಪ್ಪಟೆ ಮಾಡಿದ್ದು) ಕುದಿಯಲು 5ರಿಂದ 7. ರಾತ್ರಿಯೇ ಹಾಲಲ್ಲಿ ನೆನೆಸಿದ್ದಕ್ಕೆ ಬೆಳಿಗ್ಗೆ ಕೆಲಸವೇ ಇಲ್ಲ. ಆದರೆ ಫ್ರಿಜ್ ಬೇಕೇ ಬೇಕು. ಏಪ್ರಿಲ್ ಸೆಕೆಯಲ್ಲಿ ಹಾಲು ಹಾಕಿ ಸುಮ್ನೆ ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ.

ಖರ್ಚಲ್ಲಿ ಏನೂ ಬೆರೆಸದ ಸಾದಾ ಓಟ್ಸೇ ಅಗ್ಗ.

ಫ್ರಿಜ್ ಇದ್ದು ಬೇಗ ಹೊರಡುವವರು ಬೇಸಿಗೆಯಲ್ಲಿ ನೆನೆಸಿ. ಗ್ಯಾಸ್ ಮಾತ್ರ ಇದ್ದರೆ ಕುದಿಸಿ. ಚಳಿಗಾಲಕ್ಕೂ ಬಿಸಿಯದೇ ರುಚಿ. ಪ್ಯಾಕೆಟ್ ಪ್ರಯಾಣಕ್ಕಿರಲಿ, ಬಿಸಿನೀರು ಸಿಕ್ಕರೆ ಆಯಿತು. ಕುದಿಸುವಾಗ ಕೋಕೋವನ್ನು ನೇರ ಹಾಲಿಗೆ ಸುರಿಯಬೇಡಿ, ಗಂಟಾಗಿ ತೇಲುತ್ತದೆ. ಎರಡು ಚಮಚ ಬಿಸಿನೀರಲ್ಲಿ ಕಲಸಿ, ನುಣ್ಣಗಾದ ಮೇಲೆ ಹಾಕಿ.