ಅಚ್ಚಿನ ಸಿಲಿಕೋನ್ ಇಯರ್‌ಪ್ಲಗ್: ನೀರಿಗೆ ತಡೆ, ಮಾತಿಗೂ ತಡೆ

ಕಿವಿಯ ಅಚ್ಚು ತೆಗೆದು ಅಳತೆಗೆ ತಕ್ಕಂತೆ ಮಾಡಿಕೊಡುವ ಸಿಲಿಕೋನ್ ಇಯರ್‌ಪ್ಲಗ್‌ಗಳನ್ನು, ಶ್ರವಣಸಾಧನ ಧರಿಸುವ ಈಜುಗಾರ್ತಿಯಾಗಿ, ಕೊಳದಲ್ಲಿಯೂ ತೆರೆದ ನೀರಿನಲ್ಲಿಯೂ ಬಳಸಿದ್ದೇನೆ. ನೀರನ್ನು ಹೊರಗಿಡುವುದರಲ್ಲಿ ಇವುಗಳಿಗೆ ಪೂರ್ಣ ಅಂಕ ಕೊಡಬಹುದು. ಬೆರಳಿನಿಂದ ಮೆತ್ತಿಕೊಳ್ಳುವ ಅಗ್ಗದ ಬಗೆಯವು ದವಡೆ ಅಲುಗಿದಂತೆ ಸಡಿಲಗೊಳ್ಳುವುದುಂಟು. ಅಚ್ಚಿನವು ದೀರ್ಘ ಈಜಿನಲ್ಲಿಯೂ ಕದಲಲಿಲ್ಲ. ಕಿವಿನಾಳ ಒದ್ದೆಯಾಗಿ ಉಳಿದು ಸೋಂಕು ತಗಲದಂತೆ, ವರ್ಷಗಟ್ಟಲೆ ತಣ್ಣೀರಿನಲ್ಲಿ ಈಜುವವರ ನಾಳದಲ್ಲಿ ಮೂಳೆ ಬೆಳೆದು ದಾರಿ ಕಿರಿದಾಗದಂತೆ ತಡೆಯಲು ಇವು ನೆರವಾಗುತ್ತವೆ.

ಆದರೆ ಇವು ಶ್ರವಣಶಕ್ತಿಯನ್ನೇ ಕಾಪಾಡುತ್ತವೆ ಎಂಬ ಮಾರಾಟದ ಧಾಟಿಯನ್ನು ನಾನು ಒಪ್ಪಲಾರೆ. 1926ರ ಆಗಸ್ಟ್ 6ರಂದು ಫ್ರಾನ್ಸಿನ ಗ್ರೀ-ನೇ ಭೂಶಿರದಿಂದ ಹೊರಟು ಇಂಗ್ಲೆಂಡಿನ ಕಿಂಗ್ಸ್‌ಡೌನ್ ದಡ ಮುಟ್ಟಿ, ಇಂಗ್ಲಿಷ್ ಕಾಲುವೆಯನ್ನು ಈಜಿದ ಮೊದಲ ಮಹಿಳೆ ಎನಿಸಿದ ನ್ಯೂಯಾರ್ಕಿನ ಗರ್ಟ್ರೂಡ್ ಎಡರ್ಲೆಗೆ ಬಾಲ್ಯದ ದಡಾರದಿಂದಲೇ ಕಿವಿ ಮಂದವಾಗಿತ್ತು. ಈಜಿದರೆ ಅದು ಇನ್ನೂ ಹದಗೆಡುವುದೆಂದು ವೈದ್ಯರು ಎಚ್ಚರಿಸಿದ್ದರು. ಆಕೆ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ದಾಟಿ, ಅದುವರೆಗೆ ದಾಟಿದ್ದ ಪುರುಷರ ಅತ್ಯುತ್ತಮ ವೇಳೆಯನ್ನು ಎರಡು ಗಂಟೆಯಷ್ಟು ಹಿಂದಿಕ್ಕಿದರು. (ಈಜುಗನ್ನಡಕದ ಅಂಚಿಗೆ ಮೇಣ ಮೆತ್ತಿ ನೀರು ಸೋರದಂತೆ ಮಾಡಿಕೊಂಡಿದ್ದರು, ಆ ಜಾಣ್ಮೆಗೆ ಇಂದಿನ ತಯಾರಕರೂ ತಲೆಬಾಗಬೇಕು.) ಮುಂದೆ ಅವರ ಶ್ರವಣ ತೀರಾ ಕುಂದಿತು. ದಡಾರದಂತಹ ರೋಗ ಒಳಕಿವಿಗೆ ಮಾಡಿದ ಹಾನಿಯನ್ನು ನಾಳದ ಬಾಯಿಗೆ ಇಟ್ಟ ಸಿಲಿಕೋನ್ ಸರಿಪಡಿಸಲಾರದು.

ಇನ್ನೊಂದು ತೊಡಕು ಸುರಕ್ಷತೆಗೆ ಸಂಬಂಧಿಸಿದ್ದು. ಶ್ರವಣಸಾಧನ ತೆಗೆದಿಟ್ಟು ಇವನ್ನು ತೊಟ್ಟಾಗ ಉಳಿದಿದ್ದ ಅಷ್ಟಿಷ್ಟು ಕೇಳುವಿಕೆಯೂ ಹೋಗಿ, ರಕ್ಷಕರ ಸೀಟಿ ನನಗೆ ತಲುಪುವುದಿಲ್ಲ. ಪೆಟ್ಟಿಗೆಯೊಳಗಿನ ಕೈಪಿಡಿ ಈ ಕುರಿತು ಒಂದು ಸಾಲನ್ನೂ ಬರೆದಿಲ್ಲ. ಎಡರ್ಲೆಯ ಜೊತೆಗಿದ್ದ ದೋಣಿಯ ಬದಿಗೆ ಬಾಣದ ಗುರುತಿನ ಫಲಕ ತೂಗುಹಾಕಿದ್ದರು. ಶ್ರವಣದೋಷವುಳ್ಳ ಈಜುಗಾರರು ಕೊಳ್ಳುವ ಮುನ್ನ ಜೊತೆಯವರೊಡನೆ ಇಂತಹ ಕಣ್ಣಿಗೆ ಕಾಣುವ ಸಂಕೇತಗಳನ್ನು ಗೊತ್ತುಮಾಡಿಕೊಳ್ಳಬೇಕು.

ಕಿವಿತಮಟೆಯಲ್ಲಿ ರಂಧ್ರವಿರುವವರು ವೈದ್ಯರನ್ನು ಕೇಳದೆ ಇವನ್ನು ಕೊಳ್ಳಬಾರದು. ಮಕ್ಕಳ ಕಿವಿ ಬೆಳೆದಂತೆ ಅಚ್ಚನ್ನು ಮತ್ತೆ ಮಾಡಿಸಬೇಕಾಗುವುದರಿಂದ ಅವರಿಗೆ ಖರ್ಚು ಹೆಚ್ಚು. ಬಣ್ಣ ಆರಿಸುವ ಅವಕಾಶವಿದ್ದರೆ ಗಾಢವಾದುದನ್ನೇ ಆರಿಸಿ, ಎರಡನ್ನೂ ಜೋಡಿಸುವ ದಾರವಿರುವುದನ್ನು ಕೇಳಿ ಪಡೆಯಿರಿ, ಏಕೆಂದರೆ ಪಾರದರ್ಶಕ ಪ್ಲಗ್ ನೀರಿಗೆ ಬಿದ್ದರೆ ಹುಡುಕುವುದು ವ್ಯರ್ಥ.