ವಾಪಸಾದ ಮಾಲಿಗೆ ಸೈ, ಎಕ್ಸ್‌ಚೇಂಜ್‌ಗೆ ಎಡವಟ್ಟು: ಒಂದು ಬಿಲ್ಲಿಂಗ್ ಸಾಫ್ಟ್‌ವೇರ್

ಮಾಲು ವಾಪಸ್ ಬಂದಾಗ ಈ ಸಾಫ್ಟ್‌ವೇರ್ ಹಳೇ ಬಿಲ್ಲನ್ನು ತಿದ್ದಲು ಬಿಡುವುದಿಲ್ಲ. ಮೂಲ ಬಿಲ್ಲಿನ ನಂಬರು, ತಾರೀಖು, ಅದೇ ತೆರಿಗೆ ದರ ಹಾಕಿ ಕ್ರೆಡಿಟ್ ನೋಟ್ (ವಾಪಸಾದ ಮಾಲಿನ ಬೆಲೆ, ತೆರಿಗೆಯನ್ನು ಕಳೆದು ತೋರಿಸುವ ಚೀಟಿ) ಮಾಡುತ್ತದೆ. ಅದೇ ಸರಿಯಾದ ಕ್ರಮ. ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು ದಾಟಿದರೆ ತೆರಿಗೆ ಇಳಿಸಿಕೊಳ್ಳಲು ಬರುವುದಿಲ್ಲ. ಆ ಎಚ್ಚರಿಕೆಯನ್ನು ಮಾತ್ರ ಇದು ಕೊಡುವುದಿಲ್ಲ.

ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ತಪ್ಪಿದೆ. 24,000 ರೂಪಾಯಿಯ ಫೋನನ್ನು ಹಳೇ ಫೋನ್ ಪಡೆದು 20,000ಕ್ಕೆ ಕೊಟ್ಟರೂ ಜಿಎಸ್‌ಟಿಯ 27ನೇ ನಿಯಮದಂತೆ ತೆರಿಗೆ ಬೀಳುವುದು 24,000ದ ಮೇಲೆ. ಈ ಸಾಫ್ಟ್‌ವೇರ್ ಹಳೇ ಫೋನಿನ ಬೆಲೆಯನ್ನು ಡಿಸ್ಕೌಂಟ್ ಕಾಲಂಗೆ ತಳ್ಳಿ 20,000ಕ್ಕಷ್ಟೇ ತೆರಿಗೆ ಹಾಕುತ್ತದೆ. ಬಾಕಿ ತೆರಿಗೆ, ಬಡ್ಡಿ ಎಲ್ಲ ಅಂಗಡಿಯವರ ತಲೆಗೆ. ಸರಿಪಡಿಸುವವರೆಗೆ ಹಳೇ ಫೋನನ್ನು ಪಾವತಿಯ ಕಾಲಂನಲ್ಲಿ ನಮೂದಿಸಿ.