ಯುಎಸ್‌ಬಿ ವೈಫೈ ಅಡಾಪ್ಟರ್: ಗೆಲ್ಲಿಸಿದ್ದು ಮಾರುದ್ದದ ಕೇಬಲ್

ಲ್ಯಾಪ್‌ಟಾಪಿನ ಒಳಗಿನ ವೈಫೈ ಕೆಟ್ಟಾಗ ಸರ್ವಿಸ್ ಸೆಂಟರಿನವರು ಮದರ್‌ಬೋರ್ಡನ್ನೇ ಬದಲಿಸಬೇಕು ಎಂದರು. ಅವರು ಹೇಳಿದ ದರ ಪುಸ್ತಕಗಳ ಪುಟವಿನ್ಯಾಸ ಮಾಡಿ ಬದುಕುವ ನನ್ನ ಕೈಗೆ ಎಟುಕುವಂತಿರಲಿಲ್ಲ. ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ವೈಫೈ ಕೊಡುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ನಡೆಯುವ ಡ್ಯುಯಲ್ ಬ್ಯಾಂಡ್ ಅಡಾಪ್ಟರ್ ಸಾವಿರ ರೂಪಾಯಿಯೊಳಗೆ ಸಿಕ್ಕಿತು, ತಂದೆ. ಇಂದಿಗೂ ಅದರಲ್ಲೇ ಕೆಲಸ ಸಾಗುತ್ತಿದೆ.

ಮೊದಲು ಬಂದದ್ದು ಸಿಟ್ಟು. ಅಡಾಪ್ಟರನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆಂದು ಪೆಟ್ಟಿಗೆಯಲ್ಲಿ ಪುಟ್ಟ ಸಿಡಿ ಇಟ್ಟಿದ್ದರು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವುದಾದರೂ ಎಲ್ಲಿ? ಡ್ರೈವರ್ ಇಲ್ಲದೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಡ್ರೈವರ್ ಇಲ್ಲ. ಕೊನೆಗೆ ಮೊಬೈಲನ್ನು ಚಾರ್ಜರ್ ಕೇಬಲಿನಿಂದ ಜೋಡಿಸಿ, ಅದರ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಹಾಕಿ ಡ್ರೈವರ್ ಇಳಿಸಿಕೊಂಡೆ. ಲಿನಕ್ಸ್ ಬಳಸುವವರಾದರೆ ಕಂಪನಿಯ ಹೆಸರನ್ನಲ್ಲ, ಒಳಗಿನ ಚಿಪ್ ಯಾವುದೆಂದು ನೋಡಿ ಕೊಳ್ಳಿ. ಮೀಡಿಯಾಟೆಕ್ ಎಂಟಿ7612ಯು ಚಿಪ್ಪಿನ ಡ್ರೈವರ್ 2018ರ 4.19 ಕರ್ನಲಿನಿಂದಲೇ (ಕರ್ನಲ್ ಎಂದರೆ ಲಿನಕ್ಸಿನ ತಿರುಳು) ಅದರೊಳಗೆ ಸೇರಿಕೊಂಡಿದೆ, ಚುಚ್ಚಿದರೆ ಸಾಕು.

ಆಮೇಲೆ ಇನ್ನೊಂದು ಕಾಟ. ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದ ಕೂಡಲೇ ವೈಫೈ ಕುಂಟುತ್ತಿತ್ತು. ಯುಎಸ್‌ಬಿ 3.0 ಸಾಧನಗಳೂ ಕೇಬಲುಗಳೂ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ಪಕ್ಕದ ಪೋರ್ಟಿನಲ್ಲೇ ಕುಳಿತ ಅಡಾಪ್ಟರಿಗೆ ಆ ಗದ್ದಲದಲ್ಲಿ ರೌಟರಿನ ಮಾತು ಕೇಳಿಸುವುದಿಲ್ಲ. 5 ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಈ ತೊಂದರೆ ಇಲ್ಲ, ಆದರೆ ನಮ್ಮ ಮನೆಯ ದಪ್ಪ ಮುರಕಲ್ಲಿನ ಗೋಡೆಗಳನ್ನು ಅದು ದಾಟಿ ಬರುವುದೇ ಕಷ್ಟ. ಹಾಗಾಗಿ ಅಡಾಪ್ಟರನ್ನು ಆ ಗದ್ದಲದಿಂದ ದೂರ ಇಡಲು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದೆ.

ಈ ವಿಮರ್ಶೆ ಬರೆಯುತ್ತಿರುವುದೇ ಆ ಕೇಬಲಿನ ಸಲುವಾಗಿ. ಲ್ಯಾಪ್‌ಟಾಪಿನ ಸ್ವಂತ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನೊಳಗೆ ಇರುತ್ತದೆ. ನಾವು ಕುಳಿತಲ್ಲೇ ಅದೂ ಕುಳಿತಿರಬೇಕು. ಇದು ಹಾಗಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಅಡಾಪ್ಟರನ್ನು ಹಳೆಯ ಕನ್ನಡಕದ ಡಬ್ಬಿಯಿಂದ ತೆಗೆಯುತ್ತೇನೆ, ಕೇಬಲನ್ನು ಮೇಜಿನ ಹಿಂದಿನಿಂದ ಎಳೆದು ಬಾಗಿಲ ಪಕ್ಕದ ಕ್ಯಾಲೆಂಡರ್ ಮೊಳೆಗೆ ತೂಗುಹಾಕುತ್ತೇನೆ. ಅಲ್ಲಿಂದ ಚಾವಡಿಯ ರೌಟರಿಗೆ ಗೋಡೆ ಅಡ್ಡವಿಲ್ಲ. ಈಗ 5 ಗಿಗಾಹರ್ಟ್ಸ್ ಕೂಡ ಗಟ್ಟಿಯಾಗಿ ಸಿಗುತ್ತದೆ. ತುಸು ತಿರುಗಿಸಿ, ಸಿಗ್ನಲ್ ಪಟ್ಟಿ ತುಂಬಿದ ಮೇಲೆ ಕೈ ಬಿಡುತ್ತೇನೆ. ದಿನದ ಈ ಸಣ್ಣ ಕೆಲಸ ನನಗೆ ಬಹಳ ಇಷ್ಟ. ಒಳಗಿನ ಕಾರ್ಡ್ ಸರಿಯಾಗಿದ್ದ ಕಾಲದಲ್ಲೂ ಚಿತ್ರಗಳಿರುವ ಭಾರದ ಪಿಡಿಎಫ್ ಕಳಿಸಲು ಲ್ಯಾಪ್‌ಟಾಪ್ ಹೊತ್ತು ಚಾವಡಿಗೆ ಹೋಗುತ್ತಿದ್ದೆ. ಈಗ ಕುರ್ಚಿಯಿಂದ ಏಳುವುದೇ ಬೇಡ.

ವಿಂಡೋಸ್‌ನಲ್ಲಿ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಸಂಪರ್ಕ ಕಡಿದುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆರಿಸಬಹುದು ಎಂಬಲ್ಲಿನ ಗುರುತು ತೆಗೆಯಿರಿ. ಬಿಸಿಯಾಗುತ್ತದೆ, ಆದರೆ ಮುಟ್ಟಲಾಗದಷ್ಟಲ್ಲ.

ಕೊಳ್ಳುವ ಮೊದಲು ಒಂದನ್ನು ಗಮನಿಸಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಬ್ಲೂಟೂತ್ ಇರುವುದೂ ವೈಫೈ ಕಾರ್ಡಿನಲ್ಲೇ. ಅದು ಹೋದರೆ ಇದೂ ಹೋಗಬಹುದು. ನನ್ನದರಲ್ಲಿ ಹೋಯಿತು. ಬ್ಲೂಟೂತ್ ಮೌಸ್ ಅಥವಾ ಹೆಡ್‌ಫೋನ್ ಬಳಸುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಎರಡೂ ಇರುವ ಅಡಾಪ್ಟರನ್ನೇ ಕೇಳಿ ಪಡೆಯಿರಿ.